ಚುಕ್ಕಿ ಇದ್ದ ಬಚ್ಚಲುಮನೆ

ಕೆಳಗಡೆ ಒಂದು ಬೆಡ್‌ರೂಮು, ಅದರ ಪಕ್ಕಕ್ಕೇ ಒಂದು ಬಚ್ಚಲುಮನೆ ಇಲ್ಲದ ಮನೆಯನ್ನು ನಮ್ಮ ಜನ ಕೊಳ್ಳುವುದಿಲ್ಲ. ಅಮೆರಿಕದ ಡಬ್ಲಿನ್ನಿನ ಬೋಳುಗುಡ್ಡಗಳ ಬುಡದಲ್ಲಿ ಸಾಲುಸಾಲಾಗಿ ಹೊಸ ಮನೆಗಳು ಏಳುತ್ತಿದ್ದಾಗ ಅಪ್ಪ ಶನಿವಾರ ಭಾನುವಾರ ನಮ್ಮನ್ನು ಕಟ್ಟಿಕೊಂಡು ಒಂದೊಂದೇ ಮಾದರಿ ಮನೆಗೆ ನುಗ್ಗಿ, ಅಡುಗೆಮನೆಯ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಹೋಗಿ ಕೆಳಗಿನ ಬಚ್ಚಲಿನ ಬಾಗಿಲು ತೆಗೆಯುತ್ತಿದ್ದ. ಧಾರವಾಡದಿಂದ ಎರಡು ವರ್ಷಕ್ಕೊಮ್ಮೆ ಬಂದು ಆರು ತಿಂಗಳು ಇರುತ್ತಿದ್ದ ಅವನ ತಾಯಿಗೆ ಮೆಟ್ಟಿಲು ಹತ್ತುವುದು ಕಷ್ಟವಿತ್ತು. ಮೈಸೂರಿನವಳಾದ ಅಮ್ಮನಿಗೆ ಬೇಕಾಗಿದ್ದದ್ದು ಗಾಳಿ ಬೆಳಕಿರುವ ಅಡುಗೆಮನೆ. ಸಿಕ್ಕಿದ್ದು ಪಕ್ಕದ ಮನೆಯ ಗೋಡೆ ಕಾಣುವ ಕಿಟಕಿ. 'ಆರು ತಿಂಗಳು ಇರೋರಿಗೆ ಬಚ್ಚಲು, ವರ್ಷವಿಡೀ ಬೇಯೋಳಿಗೆ ಗೋಡೆ' ಎಂದು ಒಗ್ಗರಣೆ ಹಾಕುವಾಗಲೆಲ್ಲ ಅವಳು ಒಂದು ಸಲ ಅಂದೇ ಅನ್ನುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ನಡೆಯುತ್ತಿತ್ತು. ನನಗೆ ಹತ್ತು ವರ್ಷವಾಗಿದ್ದ ಚಳಿಗಾಲದಲ್ಲಿ, ಆ ಕೆಳಗಿನ ಬಚ್ಚಲಿನಲ್ಲಿ, ಹಿಮಕ್ಕೆ ಕಾಲು ಸುಟ್ಟುಕೊಂಡ ಒಂದು ಕೋಳಿ ಏಳು ವಾರ ಬದುಕಿತು. ಅದರ ಕಾಲು ಹೋದದ್ದು ಯಾರಿಂದ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದೇ ಉತ್ತರವಿತ್ತು: ಅಜ್ಜಿಯ ಮಡಿಯಿಂದ. ಅದು ಸುಳ್ಳು. ಆ ಸುಳ್ಳು ಹೇಳಿದವಳು ನಾನು.

ಈರುಳ್ಳಿಯನ್ನೇ ಯೋಚನೆ ಮಾಡಿ ಒಳಗೆ ತರುವ ಮನೆಗೆ ಕೋಳಿ ಹೇಗೆ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಮೂರನೇ ಕ್ಲಾಸಿನಲ್ಲಿ ನಮ್ಮ ಟೀಚರು ಒಂದು ಬಿಸಿ ಪೆಟ್ಟಿಗೆಯಲ್ಲಿ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸಿ, ಇವನ್ನು ಯಾರು ಸಾಕುತ್ತೀರಿ, ಮನೆಯಲ್ಲಿ ಸಹಿ ಹಾಕಿಸಿಕೊಂಡು ಬನ್ನಿ ಎಂದು ಒಂದು ಕಾಗದ ಕೊಟ್ಟಿದ್ದರು. ಅಪ್ಪ ಫೋನಿನಲ್ಲಿ ಮೀಟಿಂಗು ನಡೆಸುತ್ತಿದ್ದಾಗ ನಾನು ಅದನ್ನು ಮುಂದಿಟ್ಟೆ. ಮೀಟಿಂಗಿನಲ್ಲಿದ್ದರೆ ಅವನು ಮನೆಯನ್ನೇ ಬರೆದುಕೊಡು ಅಂದರೂ ಸಹಿ ಹಾಕುತ್ತಿದ್ದ. ಹಾಗೆ ಬಂದವಳು ಚುಕ್ಕಿ. ಕಪ್ಪು ಬಿಳುಪು ಚುಕ್ಕೆಯ ಮೈ, ಹಳದಿ ಕಾಲು, ಯಾರನ್ನೂ ಲೆಕ್ಕಕ್ಕಿಡದ ನಡಿಗೆ. ಹಿತ್ತಲಿನಲ್ಲಿ ಅಪ್ಪ ಒಂದು ಮರದ ಗೂಡು ಮಾಡಿಸಿದ. ಮೊಟ್ಟೆ ಇಟ್ಟರೆ ಅದನ್ನು ನಾನು ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಎತ್ತಿ, ಬೇಲಿಯ ಆಚೆ ಇದ್ದ ಮುದುಕಿಗೆ ಕೊಟ್ಟು, ಮತ್ತೆ ಕೈ ತೊಳೆದು ಒಳಗೆ ಬರಬೇಕಿತ್ತು. ಇಷ್ಟಕ್ಕೆ ಅಮ್ಮ ಒಪ್ಪಿದ್ದಳು. ಆ ಚಳಿಗಾಲದ ಮೊದಲು ಅಕ್ಟೋಬರಿನಲ್ಲಿ ಅಜ್ಜಿ ಬಂದಾಗ ಕೋಳಿಯನ್ನು ನೋಡಿ 'ರಾಮ ರಾಮ' ಅಂದಳೇ ಹೊರತು ತೆಗೆಯಿರಿ ಅನ್ನಲಿಲ್ಲ. ಅದಕ್ಕೂ ತನಗೂ ನಡುವೆ ಹಿತ್ತಲಿನ ಗಾಜಿನ ಬಾಗಿಲು ಇರಬೇಕು, ಅಷ್ಟೇ ಅವಳ ಷರತ್ತು.

ಅಜ್ಜಿಯ ಬಗ್ಗೆ ಎರಡು ಮಾತು ಹೇಳಬೇಕು. ಒಂದು, ಅವಳ ಮಡಿ. ಹಿಂದಿನ ದಿನವೇ ಒಗೆದು, ಯಾರೂ ಮುಟ್ಟದ ಜಾಗದಲ್ಲಿ ಒಣಹಾಕಿದ ಸೀರೆಯನ್ನು ಬೆಳಿಗ್ಗೆ ಸ್ನಾನ ಮಾಡಿ ಉಟ್ಟುಕೊಂಡು ಅಡುಗೆಮನೆಗೆ ಇಳಿದಳೆಂದರೆ, ಊಟ ಮುಗಿಯುವವರೆಗೆ ಅವಳನ್ನು ದೇವರೂ ಮುಟ್ಟುವಂತಿರಲಿಲ್ಲ. ಅಮ್ಮ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಹೊರಡುವ ಹೊತ್ತಿಗೆ ಒಲೆ ಅಜ್ಜಿಯ ವಶದಲ್ಲಿರುತ್ತಿತ್ತು. ಡಬ್ಬಿಗೆ ಚಪಾತಿ ಬೇಕಾದವಳು ನಿನ್ನೆಯದನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡು ಹೋಗುತ್ತಿದ್ದಳು. ಇನ್ನೊಂದು, ಅಜ್ಜಿಯ ಕೈ. ಕೂಸಿಗೆ ಎಣ್ಣೆ ಉಜ್ಜಿ ಎರೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಧಾರವಾಡದ ಅವಳ ಓಣಿಯಲ್ಲಿ ಹೆಸರಿತ್ತು. ಡಬ್ಲಿನ್ನಿಗೆ ಬಂದರೂ ಬಿಡದೆ ನಮ್ಮ ಬೀದಿಯ ಮೂರು ಬಾಣಂತಿಯರ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಉಜ್ಜಿದ್ದಳು. ಅಜವಾನ ಹಾಕಿ ಕಾಸಿದ ಕೊಬ್ಬರಿ ಎಣ್ಣೆ, ಹೆಂಚಿನ ಮೇಲೆ ಬಿಸಿ ಮಾಡಿದ ಅರಿವೆಯ ಶಾಖ. ಅವಳ ಪ್ರಕಾರ ಲೋಕದಲ್ಲಿ ಇವೆರಡಕ್ಕೆ ಬಗ್ಗದ ನೋವು ಇರಲಿಲ್ಲ.

ಕ್ರಿಸ್‌ಮಸ್ ರಜೆಗೆ ಅಪ್ಪ ಅಮ್ಮ ಇನ್ನೆರಡು ಕುಟುಂಬಗಳ ಜೊತೆ ಸೇರಿ ಟಾಹೋ ಬೆಟ್ಟಗಳ ಹಿಮದಲ್ಲಿ ಒಂದು ಮರದ ಮನೆ ಬಾಡಿಗೆಗೆ ಹಿಡಿದರು. ಅತ್ತೆ ಇಲ್ಲದೆ ನಾಲ್ಕು ದಿನ ಇರಬೇಕು ಎಂಬುದು ಅಮ್ಮನ ಆಸೆ. ಆದರೆ ಅಜ್ಜಿ ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. ಬೇಲಿಯಾಚೆಯ ಮುದುಕಿ ಮಗಳ ಮನೆಗೆ ಹೋಗಿದ್ದರಿಂದ ಚುಕ್ಕಿಯನ್ನೂ ಬಿಡುವ ಹಾಗಿರಲಿಲ್ಲ. ವ್ಯಾನಿನ ಮುಂದೆ ಅಜ್ಜಿ, ಹಿಂದೆ ರಟ್ಟಿನ ಡಬ್ಬದಲ್ಲಿ ಕೋಳಿ, ನಡುವೆ ಬಾಯಿ ಬಿಗಿದುಕೊಂಡ ಅಮ್ಮ. ಹೋದ ಮಾರನೇ ದಿನವೇ ವೈಕುಂಠ ಏಕಾದಶಿ. ಅಜ್ಜಿ ಒಂದು ಹನಿ ನೀರೂ ಮುಟ್ಟದೆ ಉಪವಾಸ ಮಾಡಿ, ಸಂಜೆ ಸೀರೆ ಒಗೆದು, ಬಟ್ಟೆ ಒಗೆಯುವ ಕೋಣೆಯಲ್ಲಿ ಒಣಹಾಕಿದಳು. ಅಲ್ಲಿ ಬೆಚ್ಚಗಿರುತ್ತದೆ ಎಂದು ಅಪ್ಪ ರಾತ್ರಿ ಚುಕ್ಕಿಯ ಡಬ್ಬವನ್ನು ಅದೇ ಸೀರೆಯ ಕೆಳಗೆ ತಂದಿಟ್ಟ. ದ್ವಾದಶಿಯ ಬೆಳಿಗ್ಗೆ ಸ್ನಾನ ಮಾಡಿ ನಡುಗುತ್ತ ಬಂದ ಅಜ್ಜಿ ಅದನ್ನು ಕಂಡು ಕೂಗಿದ್ದು ಮೂರೂ ಕುಟುಂಬಕ್ಕೆ ಕೇಳಿಸಿತು.

'ಹೊರಗ ಒಯ್ಯಿ ಅದನ್ನ! ಮೊದಲ ಹೊರಗ ಒಯ್ಯಿ!'

ನಾನು ಓಡಿಹೋಗಿ ಡಬ್ಬ ಎತ್ತಿದೆ. ನನ್ನ ಮುಖ ನೋಡಿ ಅಜ್ಜಿಯ ದನಿ ಇಳಿಯಿತು. ಮುಂದಿನ ಮಾತು ಕೇಳಿಸಿದ್ದು ನನಗೊಬ್ಬಳಿಗೇ.

'ಬೂಟು ಬಿಡೂ ಖೋಲ್ಯಾಗ ಇಡು ಕೂಸ, ಅಲ್ಲೂ ಬೆಚ್ಚಗ ಅದ. ನಂದು ಅಡಿಗಿ ಆಗಲಿ, ಆಮ್ಯಾಲ ಒಳಗ ತರೂಣಂತ.'

ಬೂಟಿನ ಕೋಣೆ ಮನೆಯ ಆ ತುದಿಗಿತ್ತು. ಈ ತುದಿಯಲ್ಲಿ, ಹಿಂದಿನ ಮರದ ಜಗಲಿಯ ಮೇಲೆ, ಮೇಘನಾ ಎಂಬ ನನ್ನ ವಯಸ್ಸಿನ ಹುಡುಗಿ ಹಿಮದ ಮೇಲೆ ಜಾರುವ ಹಲಗೆ ಹಿಡಿದು ನನ್ನನ್ನು ಕರೆಯುತ್ತಿದ್ದಳು. ಒಂದು ನಿಮಿಷ ಎಂದುಕೊಂಡು ಡಬ್ಬವನ್ನು ಜಗಲಿಯ ಮೇಲಿಟ್ಟು, ಮೇಲೊಂದು ಟವೆಲ್ ಹೊದಿಸಿ, ಬೂಟು ಹಾಕಿಕೊಂಡೆ. ಆಮೇಲೆ ಆ ದಿನ ನನಗೆ ಕೋಳಿಯ ನೆನಪೇ ಬರಲಿಲ್ಲ. ಇದನ್ನು ಬೇರೆ ರೀತಿ ಹೇಳಲು ಬಹಳ ವರ್ಷ ಪ್ರಯತ್ನಪಟ್ಟಿದ್ದೇನೆ, ಆಗಲಿಲ್ಲ. ಗುಡ್ಡ ಹತ್ತಿ ಜಾರಿದೆವು, ಮತ್ತೆ ಹತ್ತಿದೆವು. ಮಧ್ಯಾಹ್ನ ಮೇಘನಾಳ ಅಪ್ಪ ಗುಡ್ಡದ ಬುಡಕ್ಕೇ ಸ್ಯಾಂಡ್‌ವಿಚ್ ತಂದುಕೊಟ್ಟರು. ನಾನು ಅಷ್ಟು ಖುಷಿಯಾಗಿ ಇನ್ನೊಂದು ದಿನ ಇದ್ದದ್ದು ನೆನಪಿಲ್ಲ.

ನಾಲ್ಕು ಗಂಟೆಗೆ ಬಂದಾಗ ಬಿಸಿಲು ಹೋಗಿ ಗಾಳಿ ಬೀಸುತ್ತಿತ್ತು. ಹಗಲಿಡೀ ಚಾವಣಿಯ ಹಿಮ ಕರಗಿ ತೊಟ್ಟಿಕ್ಕಿ ಡಬ್ಬ ನೆನೆದು ಕುಸಿದಿತ್ತು. ಆಮೇಲೆ ಆ ನೀರು ಮತ್ತೆ ಹೆಪ್ಪುಗಟ್ಟಿತ್ತು. ಚುಕ್ಕಿ ಒಳಗೆ ನಿಂತೇ ಇದ್ದಳು. ಎತ್ತಲು ಹೋದರೆ ಬರಲಿಲ್ಲ. ಕಾಲು ಡಬ್ಬದ ತಳಕ್ಕೆ ಹಾಸಿದ್ದ ಒದ್ದೆ ಪೇಪರಿನ ಜೊತೆ ಹೆಪ್ಪುಗಟ್ಟಿ ಹಿಡಿದುಕೊಂಡಿತ್ತು. ನಾನು ಕಿರುಚಿದೆ. ಅಪ್ಪ ಬಂದು ಪೇಪರನ್ನು ಸುತ್ತಲೂ ಹರಿದು ಕೋಳಿಯನ್ನು ಒಳಗೆ ತಂದ. ಕಾಲುಗಳು ಹಳದಿ ಬಿಟ್ಟು ಮೇಣದ ಬಿಳುಪಿಗೆ ತಿರುಗಿದ್ದವು. ನೆಲಕ್ಕಿಟ್ಟರೆ ಟಕ್ ಎಂದು ಮರದ ಸದ್ದು. ಮೂರು ಕುಟುಂಬಗಳೂ ಸುತ್ತ ನಿಂತಿದ್ದವು. ಬೆಳಿಗ್ಗೆ ಅಜ್ಜಿಯ ಮಡಿ ಅಡುಗೆ ಮುಗಿಯುವವರೆಗೆ ಅವರ ಮಕ್ಕಳೆಲ್ಲ ತಣ್ಣನೆ ಹಾಲಿಗೆ ಸೀರಿಯಲ್ ಹಾಕಿಕೊಂಡು ತಿಂದಿದ್ದರು. ಅಮ್ಮ ಆ ಅವಮಾನವನ್ನು ಇಡೀ ದಿನ ನುಂಗಿಕೊಂಡಿದ್ದಳು.

'ನೋಡಿ ಅತ್ತೆ, ಹೊರಗೆ ಹಾಕ್ಸಿದ್ರಲ್ಲ. ಈಗ ಸಮಾಧಾನ ಆಯ್ತಾ?'

'ನಾ ಬೂಟಿನ ಖೋಲ್ಯಾಗ ಇಡು ಅಂದಿದ್ದೆ.'

'ಹೊರಗೆ ಅಂದಿದ್ದು ಇಡೀ ಮನೆಗೆ ಕೇಳಿಸ್ತು.'

ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿಯೂ ನೋಡಿದಳು. ನನ್ನ ಬಾಯಿಯಿಂದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಇವತ್ತಿಗೂ ಹೆದರಿಕೆಯಾಗುತ್ತದೆ.

'ಅಜ್ಜಿ ಹೊರಗ ಇಡು ಅಂದ್ಲು. ನಾ ನಡುನಡುವೆ ಬಂದು ನೋಡ್ತಿದ್ದೆ. ಮೂರೂವರೆ ತನಕ ಚೆನ್ನಾಗೇ ಇತ್ತು. ಡಬ್ಬನೂ ಒದ್ದೆ ಆಗಿರ್ಲಿಲ್ಲ.'

ಅಜ್ಜಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಅವಳು ಮತ್ತೆ ಬೂಟಿನ ಕೋಣೆಯ ಮಾತೆತ್ತಲಿಲ್ಲ. ಗಾಜಿನ ಬಾಗಿಲಾಚೆಗೆ ಇರಬೇಕಾಗಿದ್ದ ಆ ಕೋಳಿಯನ್ನು ಬಗ್ಗಿ ಎತ್ತಿಕೊಂಡು, ಉಟ್ಟ ಸೀರೆಯಲ್ಲೇ ಒಲೆಯ ಮುಂದೆ ಕುರ್ಚಿ ಎಳೆದು ಕೂತಳು.

'ಎಣ್ಣಿ ಕಾಸಿ ತಾ. ಅಜವಾನ ಹಾಕು. ಒಂದು ಹಳೀ ಅರಿವಿ ಕೊಡು.'

ಇಲ್ಲಿ ಅಜ್ಜಿ ತನಗೆ ಗೊತ್ತಿದ್ದ ಉತ್ತಮವಾದದ್ದನ್ನೆಲ್ಲ ಮಾಡಿದಳು, ಅದೇ ತಪ್ಪಾಯಿತು. ಹಿಮ ಹಿಡಿದ ಕಾಲನ್ನು ಉಜ್ಜಬಾರದು, ಒಣ ಶಾಖ ಕೊಡಬಾರದು. ಉಗುರು ಬೆಚ್ಚಗಿನ ನೀರಿನಲ್ಲಿ ಸುಮ್ಮನೆ ಇಳಿಬಿಡಬೇಕು. ಅಲ್ಲಿದ್ದ ನಾಲ್ವರು ಇಂಜಿನಿಯರುಗಳಿಗೂ ಇಬ್ಬರು ಲ್ಯಾಬಿನವರಿಗೂ ಅದು ಗೊತ್ತಿರಲಿಲ್ಲ. ಅಜ್ಜಿ ಒಂದು ಗಂಟೆ ಕಾಲ ಆ ಎಂಟು ಬೆರಳುಗಳನ್ನು ಒಂದೊಂದಾಗಿ ಎಣ್ಣೆಯಲ್ಲಿ ತಿಕ್ಕಿದಳು, ಕಾದ ಹೆಂಚಿಗೆ ಅರಿವೆ ಒತ್ತಿ ಶಾಖ ಕೊಟ್ಟಳು. ಕೂಸಿಗೆ ಹೇಳುವ ಹಾಗೆ 'ಆತು, ಆತು, ಆಗಿ ಹೋತು' ಎನ್ನುತ್ತಿದ್ದಳು. ಕಾಲಿಗೆ ಜೀವ ಬರತೊಡಗಿದಾಗ ಚುಕ್ಕಿ ಕೂಗಿದ ಕೂಗನ್ನು ನಾನು ಕೇಳಲಾರದೆ ಕಿವಿ ಮುಚ್ಚಿಕೊಂಡು ಮಹಡಿಗೆ ಓಡಿದೆ.

ಮಾರನೇ ದಿನ ರಜೆ ಮೊಟಕು ಮಾಡಿ ಹೊರಟೆವು. ಫ್ರೀವೇಯಲ್ಲಿ ನಾಲ್ಕು ಗಂಟೆ ಕೋಳಿ ಅಜ್ಜಿಯ ತೊಡೆಯ ಮೇಲಿತ್ತು. ಹಕ್ಕಿಗಳನ್ನು ನೋಡುವ ಡಾಕ್ಟರು ಸಿಕ್ಕಿದ್ದು ಲಾಸ್ ಗ್ಯಾಟೋಸಿನ ಕಡೆ, ಮನೆಗೂ ಹೋಗದೆ ನೆಟ್ಟಗೆ ಅಲ್ಲಿಗೇ ಹೋದೆವು. ಆಕೆ ಕಾಲನ್ನು ಬೆಳಕಿಗೆ ಹಿಡಿದು ನೋಡಿದರು. ನೀರು ತುಂಬಿದ ಬೊಬ್ಬೆ, ಉಜ್ಜಿದಲ್ಲಿ ಸುಲಿದ ಚರ್ಮ. ಎಷ್ಟು ಆಳಕ್ಕೆ ಸುಟ್ಟಿದೆ ಎಂದು ಮೊದಲ ದಿನವೇ ಹೇಳಲಾಗುವುದಿಲ್ಲ, ಎಷ್ಟು ಹೊತ್ತು ಒದ್ದೆಯಾಗಿ ಹಿಮದಲ್ಲಿತ್ತು ಎಂಬುದರ ಮೇಲೆ ನಿಂತಿದೆ ಎಂದರು. ಅಮ್ಮ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. ಡಾಕ್ಟರು ನನ್ನ ಎತ್ತರಕ್ಕೆ ಬಗ್ಗಿ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ:

'ಹಾಫ್ ಎನ್ ಅವರ್. ನಾನು ನೋಡ್ತಾನೇ ಇದ್ದೆ.'

ಹಾಗಾದರೆ ಭಯವಿಲ್ಲ, ಬೆರಳ ತುದಿ ಹೋಗಬಹುದು, ಕೋಳಿ ಓಡಾಡುತ್ತದೆ ಎಂದು ಆಕೆ ನಕ್ಕರು. ಸುಟ್ಟ ಗಾಯದ ಬಿಳಿ ಮುಲಾಮು, ನೋವಿಗೆ ಹನಿ ಔಷಧಿ, ದಿನಕ್ಕೆರಡು ಸಲ ಬೆಚ್ಚಗಿನ ನೀರು, ಹೊಸ ಪಟ್ಟಿ. ಸತ್ತ ಭಾಗ ತಾನೇ ಕಪ್ಪಾಗಿ ಒಣಗಿ ಬೀಳುತ್ತದೆ, ಕೀಳಬೇಡಿ. ಕೊನೆಗೆ, ಉಜ್ಜಿದ್ದು ಯಾರು ಎಂದು ಕೇಳಿದರು. ಅಮ್ಮ ಅಜ್ಜಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ಅದರಲ್ಲಿ ಸ್ವಲ್ಪ ಖುಷಿ ಇತ್ತು, ನಾನು ಸುಳ್ಳು ಹೇಳುವುದಿಲ್ಲ.

'ಉಜ್ಜಲೇಬಾರ್ದಿತ್ತಂತೆ ಅತ್ತೆ. ಚರ್ಮ ಸುಲಿದಿರೋದು ಅದಕ್ಕೇ ಅಂತೆ.'

ಅಜ್ಜಿ ತನ್ನ ಎರಡೂ ಅಂಗೈಯನ್ನು ಒಂದು ಸಲ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ನಮ್ಮ ಬೀದಿಯ ಕೂಸುಗಳನ್ನು ಆಮೇಲೆ ಅವಳು ಮುಟ್ಟಲಿಲ್ಲ. ಕೈ ನೋಯುತ್ತದೆ ಎಂದು ಹೇಳಿ ಕಳಿಸಿದಳು.

ಮನೆಗೆ ಬಂದವಳೇ ತನ್ನ ಬಚ್ಚಲನ್ನು ಕೋಳಿಗೆ ಬಿಟ್ಟುಕೊಟ್ಟಳು. ಅಪ್ಪ ಗ್ಯಾರೇಜು ಅಂದ, ಅಮ್ಮ ಹಿತ್ತಲಿನ ಗೂಡು ಅಂದಳು. ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. ಮೆತ್ತನೆಯ ಹಳೇ ಸೀರೆಯೊಂದನ್ನು ಹರಿದು ಜೋಳಿಗೆ ಕಟ್ಟಿ, ಸ್ನಾನದ ಟಬ್ಬಿನ ಪರದೆಯ ಸರಳಿನಿಂದ ತೊಟ್ಟಿಲಿನ ಹಾಗೆ ಇಳಿಬಿಟ್ಟಳು. ಕಾಲಿಗೆ ಎರಡು ತೂತು. ಚುಕ್ಕಿ ಅದರಲ್ಲಿ ಕೂತು, ಪಟ್ಟಿ ಸುತ್ತಿದ ಕಾಲು ಇಳಿಬಿಟ್ಟುಕೊಂಡು, ನಮ್ಮನ್ನೆಲ್ಲ ಮೇಲಿಂದ ಕೆಳಕ್ಕೆ ನೋಡುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಒಂದು ಸಲ, ನಾನು ಶಾಲೆಯಿಂದ ಬಂದ ಮೇಲೆ ಒಂದು ಸಲ ಪಟ್ಟಿ ಬಿಚ್ಚುವುದು. ನಾನು ಕೋಳಿಯನ್ನು ಹಿಡಿದುಕೊಳ್ಳಬೇಕು, ಅಜ್ಜಿ ಮಂಡಿಯೂರಿ ಟಬ್ಬಿನ ಪಕ್ಕ ಕೂತು ಕಾಲನ್ನು ನೀರಿನಲ್ಲಿ ಇಳಿಬಿಡಬೇಕು. ಈಗ ಉಜ್ಜುತ್ತಿರಲಿಲ್ಲ. ಬೆರಳಿನ ಹಿಂಬದಿಯಿಂದ ನೀರು ಸೋಕಿಸುತ್ತಿದ್ದಳು. ಮುಗಿದ ಮೇಲೆ ಆ ನೋಯುವ ಮಂಡಿಯಲ್ಲೇ ಮೆಟ್ಟಿಲು ಹತ್ತಿ, ಅಮ್ಮನ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದಳು, ಮಡಿಯನ್ನಂತೂ ಬಿಡುವವಳಲ್ಲ. ಜನವರಿಯ ಚಳಿಯಲ್ಲಿ ದಿನಕ್ಕೆ ಎರಡು ತಲೆಸ್ನಾನ. ಅವಳ ಕೆಮ್ಮು ಆಗ ಶುರುವಾಯಿತು. ಅಮ್ಮನಿಗೆ ಬೆಳಿಗ್ಗೆ ಬಿಸಿನೀರು ಸಿಗುತ್ತಿರಲಿಲ್ಲ, ತನ್ನ ಬಚ್ಚಲಿನ ತುಂಬ ಹಸಿ ಸೀರೆ.

'ಕೋಳಿ ಮುಟ್ಟೋದು ಯಾಕೆ, ಸ್ನಾನ ಮಾಡೋದು ಯಾಕೆ? ಒಂದು ಬಿಡಿ ಅತ್ತೆ.'

'ಎರಡೂ ಬಿಡ್ಲಿಕ್ಕೆ ಆಗೂದಿಲ್ಲವಾ.'

ಅಪ್ಪ ಇಂಥ ಹೊತ್ತಿನಲ್ಲಿ ಗ್ಯಾರೇಜಿಗೆ ಹೋಗಿ ಕಾರಿನ ಟೈರಿನ ಗಾಳಿ ನೋಡುತ್ತಿದ್ದ. ನಮ್ಮ ಟೈರುಗಳು ಆ ಚಳಿಗಾಲದಲ್ಲಿ ಇದ್ದಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ.

ಮೊದಲು ಬೊಬ್ಬೆಗಳು ಒಡೆದವು. ಆಮೇಲೆ ಬೆರಳುಗಳು ನೇರಳೆಯಾದವು, ಕಪ್ಪಾದವು, ಒಣ ಮೆಣಸಿನಕಾಯಿಯ ಹಾಗೆ ಸುರುಟಿಕೊಂಡವು. ವಾಸನೆ ಬಾಗಿಲು ದಾಟಿ ಊಟದ ಮೇಜಿನವರೆಗೆ ಬಂತು. ಅಗರಬತ್ತಿ ಹಚ್ಚಿದರೆ ಎರಡೂ ಸೇರಿ ಇನ್ನೂ ಅಸಹ್ಯ. ಮೂರನೇ ವಾರ ಒಂದು ಬೆರಳು ಪಟ್ಟಿಯ ಜೊತೆಗೇ ಬಂತು. ಡಾಕ್ಟರು ಹೇಳಿದ್ದು ತುದಿ ಮಾತ್ರ ಎಂದು, ಇದು ಬುಡಸಮೇತ. ಮುಂದಿನ ವಾರ ಇನ್ನೆರಡು. ಕಪ್ಪಿಗೂ ಹಳದಿಗೂ ನಡುವಿನ ಗೆರೆ ಬೆರಳು ದಾಟಿ, ಪಾದ ದಾಟಿ, ಮೇಲಕ್ಕೆ ಏರುತ್ತಿತ್ತು. ಪ್ರತಿ ಸಂಜೆ ಅಜ್ಜಿ ಆ ಗೆರೆಯನ್ನು ನೋಡಿ 'ಡಾಕ್ಟರು ಹಂಗ ಹೇಳಿದ್ಲಲ್ಲ, ಆರಾಮ ಆಗ್ತದ ಅಂದ್ಲಲ್ಲ' ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ಡಾಕ್ಟರು ಹಾಗೆ ಹೇಳಿದ್ದು ನನ್ನ ಮಾತು ನಂಬಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೋಳಿಯ ರೆಕ್ಕೆ ಹಿಡಿದು ಸುಮ್ಮನೆ ಕೂತಿದ್ದೆ.

ನಾಲ್ಕನೇ ವಾರ ಮತ್ತೆ ಲಾಸ್ ಗ್ಯಾಟೋಸಿಗೆ ಹೋದೆವು. ಡಾಕ್ಟರು ಈ ಸಲ ನಗಲಿಲ್ಲ. ಅರ್ಧ ಗಂಟೆಗೆ ಇಷ್ಟು ಮೇಲೆ ಹೋಗುವುದನ್ನು ತಾನು ನೋಡಿಲ್ಲ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನೇ ತಾನಾಗಿ ಜಾಕೆಟಿನ ಜಿಪ್ಪು ಎಳೆಯತೊಡಗಿತು. ಅಮ್ಮ ನನ್ನ ಪಕ್ಕದಲ್ಲೇ ಇದ್ದಳು, ಗೋಡೆಯ ಮೇಲಿದ್ದ ಗಿಣಿಯ ಚಿತ್ರ ನೋಡುತ್ತಿದ್ದಳು. ಎರಡೂ ಪಾದ ಹೋಗುತ್ತದೆ, ನೋವು ಬಹಳ ಇದೆ, ಒಂದು ಸೂಜಿಯಲ್ಲಿ ನಿದ್ದೆ ಮಾಡಿಸಬಹುದು, ಯೋಚಿಸಿ ಎಂದರು ಡಾಕ್ಟರು. ಅಪ್ಪ ಅದನ್ನು ಅಜ್ಜಿಗೆ ಹೇಳಿದ.

'ಜೀವ ಕೊಡ್ಲಿಕ್ಕೆ ಬರದವರು ತಗೀಲಿಕ್ಕೆ ಹೋಗಬಾರದು. ಮೊದಲ ಆರಾಮ ಆಗ್ತದ ಅಂದ್ಲು, ಈಗ ಕೊಲ್ಲು ಅಂತಾಳ. ನನ್ನ ಕೈಯಿಂದ ಕೆಟ್ಟದ್ದು, ನನ್ನ ಕೈಯಿಂದನ ಆರಾಮ ಆಗಬೇಕು.'

ಆ ಸೂಜಿಗೆ ಅವತ್ತೇ ಒಪ್ಪಿಸಬಹುದಾದ ಮಾತು ನನ್ನ ಬಾಯಲ್ಲಿತ್ತು. ನಾನು ಆಡಲಿಲ್ಲ. ಮುಂದಿನ ಮೂರು ವಾರ ಚುಕ್ಕಿ ಪಟ್ಟ ಪಾಡು ಪೂರ್ತಿ ನನ್ನದೇ. ಅವಳು ಕಾಳು ಬಿಟ್ಟಳು. ಅಜ್ಜಿ ಅನ್ನವನ್ನು ಮೊಸರಿನಲ್ಲಿ ಹಿಸುಕಿ ಬೆರಳಿನಿಂದ ಕೊಕ್ಕಿಗೆ ಹಚ್ಚಿದರೆ ಎರಡು ಸಲ ಚಪ್ಪರಿಸಿ ತಲೆ ತಿರುಗಿಸುತ್ತಿದ್ದಳು. ಜೋಳಿಗೆಯಿಂದ ಇಳಿಸಿದರೆ ಬಗ್ಗಿ ತನ್ನ ಕಾಲನ್ನು ತಾನೇ ಕುಕ್ಕುತ್ತಿದ್ದಳು. ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು.

ಏಳನೇ ವಾರದ ಒಂದು ಸಂಜೆ, ಪಟ್ಟಿ ಬಿಚ್ಚುವಾಗ, ಎಡಗಾಲಿನ ಪಾದ ಪೂರ್ತಿ ಅಜ್ಜಿಯ ಅಂಗೈಗೆ ಬಂತು. ಸದ್ದಿಲ್ಲ, ರಕ್ತವಿಲ್ಲ. ಅಜ್ಜಿ ಅದನ್ನು ಟಬ್ಬಿನ ಅಂಚಿನ ಮೇಲೆ ಇಟ್ಟು, ಕೈ ತೊಳೆದುಕೊಂಡು, ನನ್ನ ಕಡೆ ನೋಡಿದಳು.

'ಶಾಲೂ, ಖರೇ ಹೇಳು. ನೀ ನಡುನಡುವ ಬಂದು ನೋಡಿದ್ದಿ ಏನು?'

'ಇಲ್ಲ.'

'ಒಂದು ಸಲನೂ?'

'ಒಂದು ಸಲನೂ ಇಲ್ಲ. ಬೆಳಗ್ಗೆ ಇಟ್ಟದ್ದು ಅಷ್ಟೇ.'

ನಾನು ಬೈಗುಳಕ್ಕೆ ಕಾದೆ. ಕೋಳಿ ನನ್ನ ಕಂಕುಳಲ್ಲಿ ಉಸಿರಾಡುತ್ತಿತ್ತು. ಅಜ್ಜಿ ಟಬ್ಬಿನ ಅಂಚು ಹಿಡಿದು ಮೇಲೆದ್ದಳು, ಅರ್ಧಕ್ಕೇ ಮತ್ತೆ ಕೂತಳು.

'ಇಡೀ ದಿನ. ಅಯ್ಯ ಶಿವನ. ಮೊದಲ ಹೇಳಿದ್ರ ಇಷ್ಟು ದಿನ ಇದಕ್ಕ ಸಂಕಟ ಕೊಡ್ತಿದ್ದಿಲ್ಲಲ್ಲ ಕೂಸ ನಾ.'

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿಯಲಿ ಎಂದು ಕಾದು, ಆಮೇಲೆ ಕೇಳಿದಳು.

'ನಿಮ್ಮಮ್ಮಗ ಗೊತ್ತದ ಏನು?'

'ಇಲ್ಲ.'

'ಹೇಳಬ್ಯಾಡ. ನನಗ ಹೆಂಗೂ ಬೈದಾಳ, ಅದು ಮುಗದದ. ಮತ್ತ ನಿನಗೂ ಯಾಕ? ನಿಮ್ಮಪ್ಪಗ ಹೇಳು, ನಾಳೆ ಆ ಡಾಕ್ಟರ ಕಡೆ ಹೋಗೂಣಂತ.'

ಮಾರನೇ ದಿನ ಸೂಜಿ ಚುಚ್ಚುವಾಗ ಚುಕ್ಕಿ ಅಜ್ಜಿಯ ತೊಡೆಯ ಮೇಲಿದ್ದಳು. ಅಜ್ಜಿ ಬಾಯೊಳಗೆ ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತ, ರೆಕ್ಕೆಯ ಕೆಳಗೆ ಕೈಯಿಟ್ಟುಕೊಂಡಿದ್ದಳು. ಮುಗಿಯಿತು ಎಂದು ಡಾಕ್ಟರು ಹೇಳಿದ ಮೇಲೂ ಒಂದಷ್ಟು ಹೊತ್ತು ಕೈ ತೆಗೆಯಲಿಲ್ಲ. ಏಪ್ರಿಲ್ ಆರಂಭದಲ್ಲಿ ಅವಳು ಧಾರವಾಡಕ್ಕೆ ಹೊರಟುಹೋದಳು, ಕೆಮ್ಮನ್ನೂ ಕಟ್ಟಿಕೊಂಡು. ಮುಂದಿನ ಸಲ ಬರುವ ವೀಸಾ ಇತ್ತು, ಬರಲಿಲ್ಲ. ನನಗೆ ಹದಿನಾಲ್ಕು ಆದಾಗ ತೀರಿಕೊಂಡಳು.

ಅಮ್ಮ ಈ ಕಥೆಯನ್ನು ಮನೆಗೊಂದು ಅಡುಗೆ ತಂದು ಸೇರುವ ಎಷ್ಟು ಪಾಟ್‌ಲಕ್ಕು ಊಟಗಳಲ್ಲಿ ಹೇಳಿದ್ದಾಳೋ! ಚೆನ್ನಾಗಿ ಹೇಳುತ್ತಾಳೆ, ಅಜ್ಜಿಯ ದನಿ ತೆಗೆದು 'ಹೊರಗ ಒಯ್ಯಿ' ಅನ್ನುವಾಗ ಜನ ಹೊಟ್ಟೆ ಹಿಡಿದು ನಗುತ್ತಾರೆ. 'ನಮ್ಮತ್ತೆ ಮಡಿಗೆ ಒಂದು ಕೋಳಿ ಕಾಲು ಕಳ್ಕೊಂಡಿತು' ಎಂಬುದು ಅದರ ಕೊನೆಯ ಸಾಲು. ನಾನು ಆಗೆಲ್ಲ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಇಪ್ಪತ್ತು ವರ್ಷ ಮೀರಿತು, ಹೀಗೆ ಎದ್ದು ಹೋಗುತ್ತ. ಮಾತು ಬೇಕಾದ ಕಡೆ ಎದ್ದು ಹೋಗುವುದು ನನ್ನ ಸ್ವಭಾವವೇ ಆಯಿತು. ಒಂದು ಮದುವೆಯನ್ನೂ ನಾನು ಹಾಗೆಯೇ ಕಳೆದುಕೊಂಡೆ.

ಹೋದ ವರ್ಷ ಅಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಯೂನಿಯನ್ ಸಿಟಿಯ ನನ್ನ ಅಪಾರ್ಟ್‌ಮೆಂಟಿನಲ್ಲಿ ಎರಡು ವಾರ ಇದ್ದಳು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು, ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು. ಒಂದು ಮಧ್ಯಾಹ್ನ ಅವಳು ಹಾಗೆ ಸೋಫಾಕ್ಕೆ ಒರಗಿದ್ದಾಗ, ಯಾವುದೋ ಮಾತಿಗೆ ಅಜ್ಜಿಯ ಹೆಸರು ಬಂತು, ಮತ್ತೆ ಅದೇ ಕಥೆ ಶುರುವಾಯಿತು. ಮುಚ್ಚಿದ ಕಣ್ಣಿನ ಮುಂದೆ ಹೇಳುವುದು ಸುಲಭ ಅನ್ನಿಸಿರಬೇಕು. ಹೇಳಿಬಿಟ್ಟೆ. ಅಜ್ಜಿ ಬೂಟಿನ ಕೋಣೆ ಎಂದೇ ಹೇಳಿದ್ದಳು, ಜಗಲಿಯ ಮೇಲಿಟ್ಟವಳು ನಾನು, ಒಂದು ಸಲವೂ ಬಂದು ನೋಡಲಿಲ್ಲ, ಎಲ್ಲ ಸುಳ್ಳು. ಅಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ.

'ಗೊತ್ತಿತ್ತು ಕಣೆ.'

'ಏನು ಗೊತ್ತಿತ್ತು?'

'ನೀನು ಬಂದು ನೋಡ್ಲಿಲ್ಲ ಅಂತ. ಟೀ ಮಾಡೋವಾಗ ಕಿಟಕಿಯಿಂದ ಕಾಣಿಸ್ತಿತ್ತಲ್ಲ, ಹನ್ನೊಂದು ಗಂಟೆ ಇರ್ಬೇಕು. ಡಬ್ಬ ಆಗ್ಲೇ ನೆಂದು ತೊಪ್ಪೆ ಆಗಿತ್ತು.'

'ಮತ್ತೆ ಯಾಕೆ ಒಳಗೆ ತರ್ಲಿಲ್ಲ?'

'ಅವರು ತಾನೆ ಹೊರಗೆ ಇಡ್ಸಿದ್ದು, ಅವರೇ ತಂದ್ಕೊಳ್ಳಿ ಅಂತ ಬಿಟ್ಟೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಂದು ಕೋಳಿ ಮೇಲೆ ಹೋಯ್ತು.'

ಡಾಕ್ಟರ ಮುಂದೆ ನಾನು ಅರ್ಧ ಗಂಟೆ ಎಂದಾಗ ಅವಳ ಕೈ ನನ್ನ ಬೆನ್ನ ಮೇಲಿತ್ತು. ಹನ್ನೊಂದು ಗಂಟೆಗೆ ಇನ್ನೂ ಬಿಸಿಲಿತ್ತು, ನೀರು ನೀರಾಗಿಯೇ ಇತ್ತು, ಕಾಲು ಕಾಲಾಗಿಯೇ ಇತ್ತು. ನಾನು ಹನಿಯ ಬಾಟಲಿಯ ಮುಚ್ಚಳ ಬಿಗಿದು ಮೇಜಿನ ಮೇಲಿಟ್ಟೆ.

'ಆಯ್ತೇನೆ? ಕಣ್ಣು ಬಿಡ್ಲಾ?' ಅಂದಳು ಅಮ್ಮ.

'ಇರು, ಇನ್ನೂ ಆಗಿಲ್ಲ' ಅಂದೆ.

ಐದು ನಿಮಿಷ ಯಾವಾಗಲೋ ಆಗಿತ್ತು.